ಅತ್ತೆಯ ಆಕಾರದ ಕವಿತೆ

ಹೋದ ವರ್ಷ ಅಳಿಯ ಕೊಟ್ಟ ಗೋಡೆ ಗಡಿಯಾರವನ್ನು ಅತ್ತೆ, "ಇದರ ಟಿಕ್ ಟಿಕ್ ನನ್ನನ್ನೇ ಅಣಕಿಸಿದ ಹಾಗಿದೆ" ಎಂದು ವಾಪಸು ಕಳಿಸಿದ್ದರು. ಈ ಸಲ ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ಯಾರೂ ವಾಪಸು ಕಳಿಸಲಾರದಂಥ ಉಡುಗೊರೆ ಕೊಡಲು ಅಳಿಯ ಪಣ ತೊಟ್ಟ. ಅತ್ತೆಯದೇ ಆಕಾರದ ಚಿತ್ರಕವಿತೆ! ಮುದ್ರಣಾಲಯದಲ್ಲಿ ಕರಡು ತಿದ್ದುವವನಿಗೆ ಅಕ್ಷರಗಳನ್ನು ಸಾಲಾಗಿ ನಿಲ್ಲಿಸುವುದು ಕಷ್ಟವೇ? (ಅವನು ಹೇಳಿದಲ್ಲಿ ನಿಲ್ಲುತ್ತಿದ್ದುದೂ ಅವು ಮಾತ್ರ.)

ಮೂರು ಭಾನುವಾರ ಬೆವರು ಸುರಿಸಿ, ತುರುಬಿಗೊಂದು ಪದ, ಭುಜಕ್ಕೆ ಮೂರು ಪದ ಜೋಡಿಸಿದ. ನಡುವಂತೂ ಭಕ್ತಿರಸದ ಮಡು:

"ಇವರ ನಾಲಿಗೆಯಲ್ಲಿ ವಿಷ ಎಂಬುದು ಇಲ್ಲವೇ ಇಲ್ಲ
ಕೋಪವೆಂದರೆ ಏನೆಂದೇ ಅರಿಯದ ತಾಯಿ
ಮನೆಗೆ ಬಂದರೆ ಹೊರೆ ಎಂದವರುಂಟೇ?"

ಹೆಂಡತಿ ಕಾಗದವನ್ನು ದೂರ ಹಿಡಿದು ನೋಡಿದಳು.

"ಇದೇನ್ರೀ, ನಮ್ಮಮ್ಮನಾ, ನೀರಿನ ಡ್ರಮ್ಮಾ?"

"ಅದು ಸೊಂಟ ಕಣೇ. ಅಲ್ಲಿ ಭಾವನೆ ಸ್ವಲ್ಪ ಜಾಸ್ತಿ ಆಗಿದೆ."

"ನಿಮ್ಮ ಭಾವನೆಯೆಲ್ಲ ನಮ್ಮಮ್ಮನ ಸೊಂಟದಲ್ಲೇ ಬಂದು ಸೇರ್ಕೋಬೇಕಿತ್ತಾ? ಕಮ್ಮಿ ಮಾಡಿ!"

ಹುಟ್ಟುಹಬ್ಬ ಮಾರನೆಯ ದಿನವೇ. ಅವನು ಒಂದು ಕಣ್ಣು ಮುಚ್ಚಿ, ಅಗಲವನ್ನಷ್ಟೇ ನೋಡುತ್ತ, ಉಬ್ಬಿದಲ್ಲೆಲ್ಲ ಪದ ಕಿತ್ತ. ಸೊಂಟ ಸಣ್ಣಗಾಯಿತು. ಹೆಂಡತಿ ಮೆಚ್ಚಿದಳು. ಕವಿತೆ ಗಾಜಿನ ಚೌಕಟ್ಟು ಸೇರಿತು. ಅದನ್ನು ಓದಿ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅತ್ತೆ ಮಗಳ ಮನೆಯ ಹಜಾರದಲ್ಲಿ, ನೆಂಟರ ನಡುವೆ ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು:

"ಇವರ ನಾಲಿಗೆಯಲ್ಲಿ ವಿಷ. ಕೋಪವೆಂದರೆ ತಾಯಿ. ಮನೆಗೆ ಬಂದರೆ ಹೊರೆ."

ಯಾರೋ ಕೆಮ್ಮಿದರು. ಅಳಿಯ ಹೆಂಡತಿಯನ್ನು ನೋಡಿದ. ಹೆಂಡತಿ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು.

"ಅಳಿಯಂದ್ರೇ," ಅತ್ತೆ ಕನ್ನಡಕ ಇಳಿಸಿದರು, "ನಲವತ್ತು ವರ್ಷದಿಂದ ನಿಮ್ಮ ಮಾವ ಹೇಳ್ತಿರೋದನ್ನೇ ಬರೆದಿದ್ದೀರಿ. ಅದು ಬಿಡಿ. ಈ ಸೊಂಟ ಏನ್ರೀ? ಕಡ್ಡಿ! ಮಗಳ ಮನೇಲಿ ಊಟ ಹಾಕಲ್ಲ ಅಂದ್ಕೊಳ್ಳಲ್ವಾ ಜನ?"

"ಸರಿ ಮಾಡ್ಕೊಡ್ತೀನಿ ಅತ್ತೆ, ನಾಳೆನೇ—"

"ಅವಸರ ಬೇಡ. ನನ್ನ ಎದುರಿಗೇ ಕೂತು, ನೋಡ್ಕೊಂಡು ಬರೀರಿ. ಮುಗಿಯೋವರೆಗೂ ನಾನು ಇಲ್ಲೇ ಇರ್ತೀನಿ."

ಇದು ಮೂರನೇ ತಿಂಗಳು. ಅವನು ದಿನಕ್ಕೆರಡು ಪದ ಸೇರಿಸುತ್ತಿದ್ದಾನೆ. ಆದರೆ ಮಗಳ ಕೈಯಡುಗೆ ಅತ್ತೆಗೆ ಚೆನ್ನಾಗಿ ಒಗ್ಗಿರುವುದರಿಂದ, ಕವಿತೆ ಇನ್ನೂ ಅವರ ಅಳತೆಯನ್ನು ಮುಟ್ಟಿಲ್ಲ.