ಕುಮರೇಶನ್ ಪ್ಯಾಕಿಂಗ್ ಬದಲಾಯಿಸಿದ್ದು

ಕುಮರೇಶನ್ನನ ಹಳೆಯ ವ್ಯಾನಿನಲ್ಲಿ ಇಂಜಿನ್ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಹಾಗಾಗಿ ಇಂಜಿನ್ನಿಗೆ ಏನಾದರೂ ಆದರೆ ಮೊದಲು ಗೊತ್ತಾಗುತ್ತಿದ್ದುದು ಅದರ ಮೇಲೆ ಕೂತವರಿಗೆ. ಆ ಭಾನುವಾರ ಬೆಳಿಗ್ಗೆ ಕೂತವರು ಅವನ ಅತ್ತೆ ಜಾನಮ್ಮ.

ಮೆಟ್ಟುಪಾಳ್ಯಂ ಬಸ್ ಸ್ಟ್ಯಾಂಡಿನಿಂದ ಕಿರಿಯ ಮಗಳ ಜೊತೆ ಮನೆ ತಲುಪಿದ ಜಾನಮ್ಮ, ವ್ಯಾನಿನಿಂದ ಇಳಿದು ರೇಷ್ಮೆ ಸೀರೆಯ ಸೆರಗನ್ನು ಮೂಗಿಗೆ ಹಿಡಿದರು. ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಅವರು ಹಿರಿಯ ಮಗಳಿಗೇ ಹೇಳುತ್ತಿದ್ದರು.

"ತೆನ್ಮೊಳೀ, ಸೀರೆ ಬಜ್ಜಿ ಅಂಗಡಿ ವಾಸನೆ ಹೊಡೀತದೆ. ಅದೂ ಹೋದ ವಾರದ ಎಣ್ಣೇದು."

ಕುಮರೇಶನ್ನನ ಹೆಂಡತಿ ತೆನ್ಮೊಳಿ ಗಂಡನ ಕಡೆ ತಿರುಗಿದಳು. ಮಧ್ಯಾಹ್ನ ಅವಳ ತಂಗಿ ಇಂದುಜಾಳನ್ನು ಧಾರಾಪುರದ ಗಂಡಿನ ಮನೆಗೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಗಂಡಿನ ಅಜ್ಜಿಗೆ ಓಡಾಡಲು ಆಗದ್ದರಿಂದ ಹುಡುಗಿಯನ್ನೇ ಕರೆತನ್ನಿ ಎಂದಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪದಲ್ಲಿ ತಪ್ಪಿಹೋಗಿದ್ದವು. ಈ ಸಲ ನೆಪಕ್ಕೆ ಜಾಗ ಕೊಡಬಾರದೆಂದು ಇಡೀ ಮನೆ ಪಣ ತೊಟ್ಟಿತ್ತು.

"ಏನುಂಗ, ಈ ವಾಸನೇಲಿ ನನ್ ತಂಗೀನ ಕರ್ಕೊಂಡೋದ್ರೆ ಅವ್ರು ಹುಡುಗೀನ ನೋಡ್ತಾರಾ, ಮೂಗು ಮುಚ್ಕೊಂತಾರಾ?"

"ಅಷ್ಟೇನಿಲ್ಲ. ದಿನಾ ಇದ್ರಲ್ಲೇ ಹೋಟೆಲ್‌ಗಳಿಗೆ ಕರಿಬೇವು ಹಾಕ್ತೀನಲ್ಲ, ಅವ್ರು ಯಾರೂ ಏನೂ ಅಂದಿಲ್ಲ."

"ಅಂದವ್ರೆ. ನಿಮ್ಗೆ ಹೇಳಿಲ್ಲ, ನಂಗೆ ಫೋನ್ ಮಾಡಿ ಹೇಳವ್ರೆ."

ಕುಮರೇಶನ್ ತನ್ನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದ. ಮೆಕ್ಯಾನಿಕ್ ಅಕ್ಕನ ಮಗುವಿನ ಕಿವಿ ಚುಚ್ಚುವ ಶಾಸ್ತ್ರದಲ್ಲಿದ್ದ. ಮಗುವಿನ ಅಳುವಿನ ನಡುವೆ ಅವನು ಕೂಗಿ ಹೇಳಿದ: "ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದೆಣ್ಣಾ. ಇಂಜಿನ್ ತಲೆ ಮೇಲಿನ ಮುಚ್ಚಳದ ಸುತ್ತ ಇರುತ್ತಲ್ಲ, ಅದು. ಅಲ್ಲಿಂದ ಎಣ್ಣೆ ಬಿಸಿ ಪೈಪಿನ ಮೇಲೆ ಸೋರ್ತದೆ. ಚಿಕ್ಕ ಕೆಲಸ, ನೀವೇ ಮಾಡ್ಕೋಬೋದು."

ಚಿಕ್ಕ ಕೆಲಸ ಎಂಬ ಮಾತನ್ನು ನಂಬಿ ಕುಮರೇಶನ್ ಲುಂಗಿ ಮೇಲೆ ಕಟ್ಟಿ ವ್ಯಾನಿನ ಸೀಟು ಎತ್ತಿದ.

ಬೀದಿಯಲ್ಲಿ ಸೀಟೆತ್ತಿದ ವ್ಯಾನೂ ಮನೆಮುಂದೆ ಹಾಕಿದ ಚಪ್ಪರವೂ ಒಂದೇ, ಯಾರನ್ನೂ ಕರೆಯಬೇಕಿಲ್ಲ. ಮೊದಲು ಬಂದವರು ಪಕ್ಕದ ಮನೆಯ ಕುಪ್ಪಸಾಮಿ. ಊಟಿ ಘಾಟಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಓಡಿಸಲು ತಮ್ಮದೆಂಬ ಗಾಡಿ ಇಲ್ಲದ್ದರಿಂದ ಬೀದಿಯವರ ಗಾಡಿಗಳನ್ನೆಲ್ಲ ನಿಂತಲ್ಲಿಂದಲೇ ಓಡಿಸುತ್ತಿದ್ದರು.

"ಕಾರ್ಕ್ ಪ್ಯಾಕಿಂಗ್ ಹಾಕು ಕಣ್ಣಾ," ಎಂದರು. "ಕಾರ್ಕ್ ಅಂದ್ರೆ ಮರ. ಮರ ಎಣ್ಣೆ ಕುಡಿದ್ರೆ ಉಬ್ಬಿ ಕೂತ್ಕೊಂತದೆ. ಆಮೇಲೆ ಜನ್ಮದಲ್ಲಿ ಸೋರಲ್ಲ."

ಮಹಡಿಯ ಮೆಟ್ಟಿಲಿಳಿಯುತ್ತಲೇ ವಿಶ್ವಾಸ್ ಮಾತಿಗೆ ಬಂದ. ದಾವಣಗೆರೆಯ ಹುಡುಗ, ಕೊಯಮತ್ತೂರಿನ ಪಂಪ್ ಕಂಪನಿಯಲ್ಲಿ ಇಂಜಿನಿಯರ್, ಮಹಡಿಗೆ ಬಾಡಿಗೆಗೆ ಬಂದವನು. "ಬೇಡ ಸರ್, ಕಾರ್ಕ್ ಒಣಗಿ ಬಿರುಕು ಬಿಡುತ್ತೆ. ರಬ್ಬರ್ ಹಾಕಿ. ನಮ್ಮ ಪಂಪುಗಳಿಗೆಲ್ಲ ಅದೇ."

"ಇದು ಪಂಪ್ ಅಲ್ಲ ತಮ್ಮಾ, ವ್ಯಾನು."

"ಸೋರೋ ವಿಷಯದಲ್ಲಿ ಎರಡೂ ಒಂದೇ ಅಲ್ವಾ ಅಂಕಲ್?"

ಇಬ್ಬರೂ ತನ್ನನ್ನು ಮರೆತರೆಂದು ಖಚಿತವಾದ ಮೇಲೆ ಕುಮರೇಶನ್ ಮುಚ್ಚಳ ಬಿಚ್ಚಿದ. ಹಳೆಯ ಪ್ಯಾಕಿಂಗು ಮೂರು ದಿನದ ಪರೋಟದಂತೆ ಗಟ್ಟಿಯಾಗಿ, ಮುಟ್ಟಿದ ಕೂಡಲೇ ಚೂರುಚೂರಾಯಿತು. ಚೂರು ಒಳಗೆ ಬೀಳದಂತೆ ಹಳೇ ಬಟ್ಟೆ ತುರುಕಿ, ಅಂಟಿದ್ದನ್ನೆಲ್ಲ ಕೆರೆದು ತೆಗೆದು, ಸೈಕಲ್ ಹತ್ತಿ ಅಂಗಡಿಗೆ ಹೋದ.

ಭಾನುವಾರ ತೆರೆದಿದ್ದುದು ಒಂದೇ ಬಿಡಿಭಾಗದ ಅಂಗಡಿ. ಅಂಗಡಿಯವನು ತಮಿಳಿನಲ್ಲಿ ಕೇಳಿದ: "ಹಳೇ ಮಾಡೆಲಾ, ಹೊಸಾದಾ?"

"ಹಳೇದು."

"ಹಳೇದರಲ್ಲಿ ಹಳೇದಾ, ಹೊಸಾದಾ?"

ಕುಮರೇಶನ್ ಯೋಚಿಸಿದ. ವ್ಯಾನನ್ನು ಅವನು ಕೊಂಡಾಗಲೇ ಅದು ಹಳೆಯದಾಗಿತ್ತು. "ಹಳೇದರಲ್ಲಿ ಹಳೇದು," ಎಂದ. ಅಂಗಡಿಯವನು ಕಾರ್ಕಿನದೊಂದು, ರಬ್ಬರಿನದೊಂದು ಮುಂದಿಟ್ಟ. ಯಾವುದು ಒಳ್ಳೆಯದು ಎಂದು ಕೇಳಿದ್ದಕ್ಕೆ, ಎರಡನ್ನೂ ಜನ ತಗೊಂಡು ಹೋಗುತ್ತಾರೆ ಎಂದ. ನೆರೆಹೊರೆಯಲ್ಲಿ ಯಾರ ಮನಸ್ಸನ್ನೂ ನೋಯಿಸಬಾರದೆಂದು ಕುಮರೇಶನ್ ಎರಡನ್ನೂ ತಂದ.

ವಯಸ್ಸಿಗೆ ಮರ್ಯಾದೆ ಕೊಟ್ಟು ಮೊದಲು ಕಾರ್ಕ್ ಕೂರಿಸಿದ್ದಾಯಿತು. ಬೋಲ್ಟುಗಳನ್ನು ಸಾಕೆನ್ನುವಷ್ಟು ಬಿಗಿದು ಸ್ಪ್ಯಾನರ್ ಕೆಳಗಿಡುವಾಗ ಕುಪ್ಪಸಾಮಿ ಕೈ ಚಾಚಿದರು. "ಇದೇನು ಬಿಗಿನಾ? ಕೊಡಿಲ್ಲಿ."

ಘಾಟಿಯ ತಿರುವುಗಳಲ್ಲಿ ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಕೈ ಅದು. ಕೊನೆಯ ಸುತ್ತಿಗೆ ಒಳಗೆ ಏನೋ ಪಟ್ ಎಂದಿತು. "ಕೂತ್ಕೊಂತು," ಎಂದರು ಕುಪ್ಪಸಾಮಿ.

ಕೂತದ್ದಲ್ಲ, ಒಡೆದದ್ದು. ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತಿಗೆ ಮೊದಲು ಬೆವರಿನಂತೆ ಜಿನುಗುತ್ತಿದ್ದ ಎಣ್ಣೆ ಈಗ ನಲ್ಲಿಯಂತೆ ಇಳಿಯಿತು. ಸೀಟಿನ ಜಾಗದಿಂದ ನೀಲಿ ಹೊಗೆ ಎದ್ದು ವ್ಯಾನು ಕಾಣದಂತಾಯಿತು. ಎದುರುಮನೆಯ ಗೋಮತಿ ಒಳಗಿನಿಂದ ನೋಡಿದವಳು, "ಅಯ್ಯೋ, ವ್ಯಾನ್ ಹತ್ಕೊಂಡದೆ!" ಎಂದು ಚೀರುತ್ತಾ ಕೊಡ ಎತ್ತಿಕೊಂಡು ಓಡಿಬಂದು ಹೊಗೆಯೊಳಕ್ಕೆ ಎರಚಿದಳು. ಅಷ್ಟರಲ್ಲಿ ಇಂಜಿನ್ ಆರಿಸಿ ಮುಖ ಹೊರಹಾಕಿದ್ದ ಕುಮರೇಶನ್ನನಿಗೆ ಕೊಡದ ನೀರು ಪೂರ್ತಿ ದಕ್ಕಿತು. ಇಂಜಿನ್ನಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಒಳ್ಳೇದಾಯ್ತು," ಎಂದರು ಕುಪ್ಪಸಾಮಿ, "ಬಿಸಿ ಇಂಜಿನ್ ಮೇಲೆ ನೀರು ಬೀಳ್ಬಾರ್ದು."

ಹೊಸ್ತಿಲಲ್ಲಿ ತೆನ್ಮೊಳಿ ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ಗಡಿಯಾರದ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಕುಮರೇಶನ್ನನಿಗೆ ಅದಕ್ಕಿಂತ ಬೈಗುಳವೇ ಎಷ್ಟೋ ಮೇಲೆನಿಸಿತು.

ಇನ್ನು ರಬ್ಬರಿನ ಸರದಿ. ವಿಶ್ವಾಸ್ ಫೋನಿನಲ್ಲಿ ವೀಡಿಯೊ ಹಾಕಿ ಹಿಡಿದ. ಅದರಲ್ಲಿದ್ದ ವ್ಯಾನು ಬೇರೆ, ಭಾಷೆ ಯಾರಿಗೂ ತಿಳಿಯದ್ದು. ಆದರೂ ಅದರಲ್ಲಿದ್ದ ಮನುಷ್ಯ ಮುಚ್ಚಳದ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿದ್ದು, ಬೋಲ್ಟುಗಳನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಸಮನಾಗಿ ಬಿಗಿದದ್ದು ಕಾಣುತ್ತಿತ್ತು. ಕುಮರೇಶನ್ ಹಾಗೇ ಮಾಡಿದ. ಈ ಸಲ ಸ್ಪ್ಯಾನರನ್ನು ಯಾರ ಕೈಗೂ ಕೊಡದೆ ಲುಂಗಿಯ ಗಂಟಿಗೆ ಸಿಕ್ಕಿಸಿಕೊಂಡ. ಸೋರಿಹೋದಷ್ಟು ಎಣ್ಣೆ ತುಂಬಿಸಿ ಚಾಲೂ ಮಾಡಿದ. ಪೈಪಿನ ಮೇಲೆ ಉಳಿದಿದ್ದ ಹಳೆಯ ಎಣ್ಣೆ ಕೊಂಚ ಹೊತ್ತು ಹೊಗೆಯಾಡಿ ಆರಿತು. ಆಮೇಲೆ ಹೊಗೆಯಿಲ್ಲ, ವಾಸನೆಯಿಲ್ಲ.

"ರಬ್ಬರ್ ಅಂದ್ರೆ ರಬ್ಬರ್," ಎಂದ ವಿಶ್ವಾಸ್.

"ಕಾರ್ಕು ಜಾಗ ಹದ ಮಾಡಿ ಕೊಟ್ಟಿದ್ರಿಂದ ಕೂತ್ಕೊಂತು," ಎಂದರು ಕುಪ್ಪಸಾಮಿ.

ಸ್ನಾನಕ್ಕೆ ಹೊತ್ತಿರಲಿಲ್ಲ. ಗೋಮತಿಯ ನೀರನ್ನೇ ಸ್ನಾನವೆಂದು ತಿಳಿದು ಕುಮರೇಶನ್ ಬಿಳಿ ಅಂಗಿ ತೊಟ್ಟ. ಎಷ್ಟು ಸೋಪು ಹಚ್ಚಿದರೂ ಕೈಯ ಕಪ್ಪು ಮಾತ್ರ ಹೋಗಲಿಲ್ಲ.

ಅವಿನಾಶಿ ದಾಟುವಾಗ ಮುಂದಿನ ಸೀಟಿನಲ್ಲಿದ್ದ ಜಾನಮ್ಮ ಗಾಳಿಯನ್ನು ಎರಡು ಸಲ ಮೂಸಿದರು. ಹಿಂದಕ್ಕೆ ತಿರುಗಿ ಮಗಳಿಗೆ, "ಪರವಾಯಿಲ್ಲ," ಎಂದರು. ಮದುವೆಯಾದಂದಿನಿಂದ ಅತ್ತೆಯ ಬಾಯಲ್ಲಿ ಅಂಥ ಹೊಗಳಿಕೆ ಕೇಳಿರದ ಕುಮರೇಶನ್ ಧಾರಾಪುರದವರೆಗೂ ಬೆನ್ನು ನೆಟ್ಟಗಿಟ್ಟು ಗಾಡಿ ಓಡಿಸಿದ.

ಗಂಡಿನ ಮನೆಯಲ್ಲಿ ಎಲ್ಲ ಸರಾಗವಾಗಿ ನಡೆಯಿತು. ಅಜ್ಜಿ ಇಂದುಜಾಳ ಕೈ ಹಿಡಿದವರು ಬಿಡಲಿಲ್ಲ. ಗಂಡು ಸೆಂದಿಲ್ ಕುಮಾರ್ ಸಣ್ಣ ಈರುಳ್ಳಿಯ ವ್ಯಾಪಾರಿ. ತಟ್ಟೆಯಲ್ಲಿದ್ದ ಮೈಸೂರ್‌ಪಾಕನ್ನು ಮುಟ್ಟದೆ ಅವಳನ್ನೇ ನೋಡುತ್ತಿದ್ದ. ಅವನ ತಂದೆ ಮೋಹನ್ ರಾಜ್ ಮಾತ್ರ ನೋಡುತ್ತಿದ್ದುದು ಕುಮರೇಶನ್ನನ ಕೈಯನ್ನು.

ಕುಮರೇಶನ್ ಕೈಗಳನ್ನು ಕಂಕುಳಿಗೆ ಸೇರಿಸಿದ.

"ಮರೆಮಾಡ್ಬೇಡಿ ತಮ್ಮಾ," ಎಂದರು ಮೋಹನ್ ರಾಜ್. "ಏನು ಕೆಲಸ ಮಾಡ್ಕೊಂಡು ಬಂದ್ರಿ?"

ನೆಪ ಸಿಕ್ಕಿಬಿಟ್ಟಿತು ಎಂದುಕೊಂಡ ಕುಮರೇಶನ್ ತಲೆ ತಗ್ಗಿಸಿ, "ಟ್ಯಾಪೆಟ್ ಕವರ್ ಪ್ಯಾಕಿಂಗ್," ಎಂದ.

ಮೋಹನ್ ರಾಜ್ ಎದ್ದೇ ನಿಂತರು. "ನೀವೇ ಹಾಕಿದ್ರಾ? ಬನ್ನಿ ಒಂದು ನಿಮಿಷ."

ಹಿತ್ತಲ ಬೇವಿನ ಮರದಡಿ ನಿಂತಿತ್ತು ಅವರ ವ್ಯಾನು. ಅದೇ ಬಿಳಿ ಬಣ್ಣ, ಹಳೆಯದರಲ್ಲಿ ಹಳೆಯದು. ಸೀಟೆತ್ತುವ ಮೊದಲೇ ವಾಸನೆ ಬಂತು. ಕುಮರೇಶನ್ ಮುಚ್ಚಳದ ಅಂಚಿಗೆ ಬೆರಳೊತ್ತಿ ಎಣ್ಣೆ ತೋರಿಸಿದ. ಕಾರ್ಕ್ ಯಾಕೆ ಒಡೆಯುತ್ತದೆ, ರಬ್ಬರನ್ನು ಹೇಗೆ ಕೂರಿಸಬೇಕು, ಜೋರಾಗಿ ಬಿಗಿದರೆ ಏನಾಗುತ್ತದೆ ಎಂದು ವಿವರಿಸಿದ. ಗಂಡಿನ ಕಡೆಯವರೆಲ್ಲ ಸುತ್ತ ನಿಂತು ಉಸಿರು ಬಿಗಿಹಿಡಿದು ಕೇಳಿದರು. ತನ್ನ ಮಾತಿನ ನಡುವೆ ಬಾಯಿ ಹಾಕದವರನ್ನು ಕುಮರೇಶನ್ ಕಂಡದ್ದೇ ಅಪರೂಪ. ಆ ಸಂತೋಷದಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಮಾತಾಡಿದ.

"ಇಂಥ ಮನೆಯಿಂದ್ಲೇ ಹೆಣ್ಣು ತರ್ಬೇಕು," ಎಂದು ಮೋಹನ್ ರಾಜ್ ಅಲ್ಲೇ ಸೀಟಿನ ಪಕ್ಕದಲ್ಲೇ ಸಂಬಂಧ ಒಪ್ಪಿದರು. ಜಾನಮ್ಮ ಕಣ್ಣೊರೆಸಿಕೊಂಡರು.

"ಒಂದೇ ಒಂದು ಮಾತು," ಎಂದರು ಮೋಹನ್ ರಾಜ್. "ಇವತ್ತು ಇಲ್ಲಿ ಅಂಗಡಿ ಇಲ್ಲ. ನಾಳೆ ಬೆಳಿಗ್ಗೆ ಇವ್ನು ಈರುಳ್ಳಿ ತಗೊಂಡು ಹೋಗ್ಲೇಬೇಕು. ಹಿಂಗೆ ಮಾಡೋಣ. ನಮ್ಮ ವ್ಯಾನ್ ನೀವು ತಗೊಂಡೋಗಿ, ನಿಧಾನವಾಗಿ ಪ್ಯಾಕಿಂಗ್ ಹಾಕಿ. ನಿಶ್ಚಿತಾರ್ಥಕ್ಕೆ ಬರುವಾಗ ತಂದ್ರಾಯ್ತು. ಅಲ್ಲೀಗಂಟ ನಿಮ್ಮದ್ರಲ್ಲಿ ಓಡಿಸ್ಕೊಂತೀವಿ. ಎರಡೂ ಒಂದೇ ತಾನೇ?"

ಕುಮರೇಶನ್ ಬಾಯಿ ತೆರೆದ.

"ಅದಕ್ಕೇನು, ತಗೊಳಿ ಮಾವಾ," ಎಂದಳು ತೆನ್ಮೊಳಿ.

"ಇನ್ಮೇಲೆ ಅದು ನಿಮ್ಮದೇ ಅಂದ್ಕೊಳಿ," ಎಂದರು ಜಾನಮ್ಮ. ಕುಮರೇಶನ್ ಜೇಬಿನಿಂದ ಕೀಲಿ ತೆಗೆದುಕೊಟ್ಟ.

ಹೊತ್ತು ಇಳಿಯುವಾಗ ಬೇವಿನ ಮರದಡಿಯ ವ್ಯಾನು ಮೆಟ್ಟುಪಾಳ್ಯದ ಕಡೆ ಹೊರಟಿತು. ಸೀಟಿನ ಸಂದಿಯಿಂದ ನೀಲಿ ಹೊಗೆ ತೆಳ್ಳಗೆ ಏಳುತ್ತಿತ್ತು. ನಾಳೆಯ ಕರಿಬೇವನ್ನು ಇದರಲ್ಲೇ ಹೋಟೆಲುಗಳಿಗೆ ಹಾಕಬೇಕು. ಕಿಟಕಿಯಿಂದ ತಲೆ ಹೊರಹಾಕಿಯೇ ಕುಮರೇಶನ್ ಓಡಿಸುತ್ತಿದ್ದ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರೂ ಯಾರೊಬ್ಬರೂ ವಾಸನೆಯ ಮಾತೆತ್ತಲಿಲ್ಲ. ಅದೀಗ ಬೀಗರ ವ್ಯಾನು.

ಬೆಳಗಿನಿಂದ ಒಂದು ಮಾತೂ ಆಡದಿದ್ದ ಇಂದುಜಾ ಹಿಂದಿನ ಸೀಟಿನಿಂದ ನಾಚಿಕೊಂಡು ಮುಂದಕ್ಕೆ ಬಾಗಿದಳು.

"ಬಾವಾ, ಅವ್ರಿಗೆ ನಾಲ್ಕು ಜನ ಚಿಕ್ಕಪ್ಪಂದಿರಂತೆ. ಎಲ್ರತ್ರಾನೂ ಇಂಥದೇ ವ್ಯಾನ್ ಅಂತೆ."