ಅಡ್ಡ ಕೊಯ್ದು ನೋಡುವವರು

ನಮ್ಮ ಮಾಮಾ ಈ ಜಗತ್ತಿನಲ್ಲಿ ಯಾವುದನ್ನೂ ನಂಬುತ್ತಿರಲಿಲ್ಲ, ಉಳ್ಳಾಗಡ್ಡಿಯೊಂದನ್ನು ಬಿಟ್ಟು! ಲಿಫ್ಟನ್ನು ನಂಬದೆ ಕಾಮೋಠೆಯ ನಮ್ಮ ಐದನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಂದು, ಏದುಸಿರಿನಲ್ಲೇ ಲಿಫ್ಟನ್ನು ಬೈಯುತ್ತಿದ್ದರು. ಸ್ಟೇಷನ್ನಿನ ಬೋರ್ಡನ್ನೂ ನಂಬುತ್ತಿರಲಿಲ್ಲ. ಹಳಿಯ ಕಡೆ ಬಗ್ಗಿ ನೋಡಿ, "ಗಾಡಿ ಇನ್ನೂ ಬಂದಿಲ್ಲ" ಎಂದು ಸುತ್ತಲಿನವರಿಗೆ ಸಾರುತ್ತಿದ್ದರು. ಬಂದಿಲ್ಲವೆಂಬುದು ಯಾರಿಗೆ ಕಾಣುತ್ತಿರಲಿಲ್ಲ?

ಉಳ್ಳಾಗಡ್ಡಿಯ ಮಾತು ಬೇರೆ. ಮಾಮಾ ವಿಜಯಪುರದಿಂದ ಬಂದು ವಾಶಿಯ ಸಗಟು ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ, ಕೊನೆಗೆ ಮಾಲು ನೋಡಿ ಹೇಳುವವರಾದರು. ಚೀಲದಿಂದ ಒಂದನ್ನು ತೆಗೆದು, ಅಡ್ಡ ಕೊಯ್ದು, ಪದರಗಳನ್ನು ದಿಟ್ಟಿಸಿ, "ಇಪ್ಪತ್ತು ದಿನ ತಾಳತೈತಿ" ಎಂದರೆ ಮುಗಿಯಿತು. ಮನೆಯಲ್ಲೂ ಅದೇ ಚಾಳಿ. ನನ್ನನ್ನು ನೋಡಲು ಬಂದ ವರನ ಕಡೆಯವರು ತಂದ ಸೇಬನ್ನು ಅವರೆದುರೇ ಅಡ್ಡ ಕೊಯ್ದು, "ಇವತ್ತ ತಿಂದ್ ಮುಗಸ್ರಿ, ನಾಳಿಗಿ ಉಳ್ಯಾಂಗಿಲ್ಲ" ಎಂದುಬಿಟ್ಟರು. ಅದರ ಮೇಲೂ ಸಂಬಂಧ ಕುದುರಿತೆಂದರೆ ಅದು ಆ ಮನೆಯವರ ದೊಡ್ಡತನ!

ಅಂಥವರ ಬಾಯಲ್ಲಿ ಹುಣ್ಣಾಯಿತು. ತಂಬಾಕು, ಸುಣ್ಣ ತಿಕ್ಕಿ ದವಡೆಯಲ್ಲಿಟ್ಟುಕೊಂಡು ಎಷ್ಟು ವರ್ಷಗಳಾಗಿದ್ದವೋ. ಕ್ಯಾನ್ಸರ್ ಎಂದರು. ಠಾಣೆಯ ಆಸ್ಪತ್ರೆಯಲ್ಲಿ ಆ ಭಾಗವನ್ನು ಕೊಯ್ದು ತೆಗೆದದ್ದಾಯಿತು. ಮುಂದೆ ವಿಕಿರಣ ಚಿಕಿತ್ಸೆ ಬೇಕೋ ಬೇಡವೋ ಎಂಬಲ್ಲಿ ವರದಿ ಎತ್ತಲೂ ವಾಲದೆ ನಡುವೆಯೇ ನಿಂತಿತ್ತು. ಮಾಮಾ ಮಾತ್ರ ತೀರ್ಮಾನಿಸಿಯಾಗಿತ್ತು.

"ಕರೆಂಟ್ ಇಡಸ್ಕೊಳ್ಳಾಂಗಿಲ್ಲ. ನಾನೇನ್ ಬಲ್ಬೇನು?"

ಕೊಯ್ದ ಚೂರನ್ನು ಪರೀಕ್ಷಿಸಿದ ಡಾಕ್ಟರ್ ಡೊಂಬಿವಲಿಯಲ್ಲಿ ಹುಟ್ಟಿದ, ಉಡುಪಿ ಕಡೆಯ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಆಕೆ ಆ ಚೂರಿನ ತೆಳು ಪದರದ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಗುಲಾಬಿ, ನೇರಳೆ ಚುಕ್ಕೆಗಳ ಸಂತೆ! ಆ ಚುಕ್ಕೆಗಳ ಆಕಾರವನ್ನೂ ಅವು ಒತ್ತಿಕೊಂಡು ಕೂತ ರೀತಿಯನ್ನೂ ಅಳೆದು, ರೋಗ ಮರಳುವ ಭಯ ಎಷ್ಟೆಂದು ಕಂಪ್ಯೂಟರ್ ಹೇಳುತ್ತದಂತೆ. ಇದಿನ್ನೂ ಪ್ರಯೋಗದಲ್ಲಿದೆ ಎಂದು ಆಕೆ ಮೊದಲೇ ಹೇಳಿದ್ದಳು. ಮಾಮಾನ ಚಿತ್ರ ನೋಡಿ ಅದು ಭಯ ಹೆಚ್ಚು ಎಂದಿತ್ತು. ಆಕೆಗೂ ಹಾಗೆಯೇ ಅನಿಸಿತ್ತು.

"ಅಡ್ಡ ಕೊಯ್ದು ನೋಡೀರಿ, ಅಲ್ಲೀ ತನಕ ಬರೋಬರಿ" ಎಂದರು ಮಾಮಾ. "ಎಷ್ಟ್ ದಿನ ಅಂತ ಹೇಳತೈತೇನು?"

"ತಾರೀಖ್ ನಹೀ ಬತಾತಾ, ಕಾಕಾ."

"ಹಂಗಾರ ನನಗಿಂತ ಕಡಿಮೀನ ಬಿಡು!"

ನನಗೆ ನಗು ಬರಲಿಲ್ಲ. ಇವರು ಈಗ ಹೂಂ ಅನ್ನದಿದ್ದರೆ, ರೋಗ ಮರಳಿ ಬಂದಾಗ ಅನ್ನಲು ಏನು ಉಳಿದಿರುತ್ತದೆ?

ಮಾಮಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಇದಕ್ಕ ಕಲಿಸಿದವ್ರು ಯಾರು ಯವ್ವಾ?"

"ಪುರಾನೇ ಪೇಶಂಟ್" ಎಂದಳು ಡಾಕ್ಟರ್. ಹಳೆಯ ರೋಗಿಗಳ ಇಂಥವೇ ಚಿತ್ರಗಳು, ಜೊತೆಗೆ ಮುಂದೆ ಅವರಿಗೇನಾಯಿತು ಎಂಬ ವಿವರ. ಅದಕ್ಕಾಗಿ ತಾವು ವರ್ಷಗಟ್ಟಲೆ ಅವರ ಮನೆಗಳಿಗೆ ಫೋನ್ ಮಾಡಿ ವಿಚಾರಿಸುತ್ತೇವೆ ಎಂದಳು.

ಮಾಮಾ ಪರದೆಯಿಂದ ಮೂಗು ಹಿಂದೆ ತೆಗೆದರು. ಲಾರಿ ಹೋಗಿ ಇಪ್ಪತ್ತನೆಯ ದಿನಕ್ಕೆ, ಮಾಲು ಕೊಂಡವನಿಗೆ ಫೋನ್ ಮಾಡಿ "ಹೆಂಗೈತಿ?" ಎಂದು ಕೇಳದೆ ಬಿಟ್ಟವರಲ್ಲ ಅವರು. ಕೊಳೆತಿದೆ ಎಂದರೆ ಬೈಸಿಕೊಂಡು, ಎಲ್ಲಿ ತಪ್ಪಿದೆನೆಂದು ಯೋಚಿಸುತ್ತಿದ್ದರು.

"ತಿರುಗಿ ಕೇಳತೀರಿ ಅಂದ್ರ ಅದು ಖರೇನ ಕಲಿತೈತಿ" ಎಂದರು. "ಇಡ್ರಿ ನಿಮ್ಮ ಕರೆಂಟ್. ನಂದೂ ಬರಕೊಳ್ರಿ."

ಆಮೇಲೆ ಎರಡು ದೀಪಾವಳಿ ಕಂಡರು. ಮೂರನೆಯದಕ್ಕೆ ಮೊದಲು ರೋಗ ಮರಳಿತು. ಕಂಪ್ಯೂಟರ್ ಹೇಳಿದ್ದು ನಿಜವಾಯಿತೆಂದು ನನಗೆ ಅದರ ಮೇಲೆ ಸಿಟ್ಟು. ಆ ಎರಡು ವರ್ಷ ಸಿಕ್ಕಿದ್ದು ಅದರಿಂದಲೇ ಇರಬಹುದೇ ಎಂದು ನೆನೆದಾಗ ಆ ಸಿಟ್ಟು ಉಳಿಯುವುದಿಲ್ಲ.

ಹೋದ ವಾರ ಡಾಕ್ಟರ್ ಫೋನ್ ಮಾಡಿದಳು.

"ದೀದಿ, ಕಾಕಾ ಕೈಸೇ ಹೈ?"

ತೀರಿಕೊಂಡ ತಾರೀಖು ಹೇಳಿದೆ. ಅತ್ತ ಕೀಬೋರ್ಡಿನ ಸದ್ದು ಕೇಳಿಸಿ, ನಿಂತಿತು. ಅವಳಿಗೆ ಬೇಕಾದದ್ದು ಅಷ್ಟೇ. ನನಗೆ ಮಾತ್ರ ಫೋನ್ ಇಡಲಾಗಲಿಲ್ಲ. ಕೊನೆಯ ವಾರದಲ್ಲೊಂದು ದಿನ, ನಾನು ಹಾಲಿನಲ್ಲಿ ನೆನೆಸಿಕೊಟ್ಟ ಜೋಳದ ರೊಟ್ಟಿಯನ್ನು ಮಾಮಾ ಪೂರ್ತಿ ತಿಂದಿದ್ದರು. ಆಗ ಮಾತು ಹೋಗಿತ್ತು. ಖಾಲಿ ತಾಟನ್ನು ನನ್ನತ್ತ ಸರಿಸಿ, ಇನ್ನೊಂದು ಎಂದು ಬೆರಳೆತ್ತಿ ತೋರಿಸಿದ್ದರು. ಅದನ್ನೂ ಹೇಳಿದೆ.

"ಏಕ್ ಮಿನಿಟ್, ದೀದಿ" ಎಂದಳು. ಕೀಬೋರ್ಡು ಮತ್ತೆ ಸದ್ದು ಮಾಡತೊಡಗಿತು.