ಸ್ವಾಂಪಿನಲ್ಲಿ ಮಾವನಿಗೆ ಕಾಗೆ ಹುಡುಕಿದ್ದು

ನಮ್ಮತ್ತೆಯ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗದೆ ಮನೆ ಸೇರಿದ್ದೇ ಇಲ್ಲ. ಆ ಸಲ ಅವರು ಧಾರವಾಡದಿಂದ ಹ್ಯೂಸ್ಟನ್‌ಗೆ, ನಮ್ಮನೆಗೆ ಬಂದಿದ್ದಾಗ ಪಿತೃಪಕ್ಷ. ಮಾವ ತೀರಿಕೊಂಡು ವರ್ಷವಾಗಿತ್ತು. ಹಿತ್ತಲಲ್ಲಿ ಎಡೆ ಇಟ್ಟರೆ ಒಂದು ಕಾಗೆಯೂ ಮುಟ್ಟಲಿಲ್ಲ. ಉದ್ದ ಬಾಲದ ಕರಿ ಹಕ್ಕಿಗಳು ಬಂದವು. "ಇವು ಕಾಗಿ ಅಲ್ಲ, ಹುಶ್!" ಅಂತ ಅತ್ತೆ ಓಡಿಸಿದರು.

"ನನ್ನ ಮ್ಯಾಲೆ ಏನೋ ಸಿಟ್ಟದ ಅವರಿಗೆ," ಅಂತ ಕಣ್ಣೀರು ಹಾಕಿದರು. ಪಾಪ ಅನ್ನಿಸಿತು. ಆದರೆ ಎಡೆ ನೋಡಿದರೆ ಕಾಗೆಯದೇನೂ ತಪ್ಪಿಲ್ಲ ಬಿಡಿ. ಮಾವನಿಗೆ ಶುಗರ್ ಇತ್ತಲ್ಲ, ಸತ್ತ ಮೇಲೂ ಅತ್ತೆ ಪಥ್ಯ ಬಿಡಿಸಿರಲಿಲ್ಲ. ಪಾಯಸಕ್ಕೆ ಬೆಲ್ಲ ಇಲ್ಲ, ಪಲ್ಯಕ್ಕೆ ಬಟಾಟೆ ಇಲ್ಲ!

ಮನಸ್ಸು ಹಗುರಾಗಲಿ ಅಂತ ನನ್ನ ಗಂಡ ಒಂದು ದಿನದ ಟೂರ್ ಬುಕ್ ಮಾಡಿದರು. ಬೆಳಿಗ್ಗೆ ಸ್ವಾಂಪಿನಲ್ಲಿ, ಅಂದರೆ ಮರ ಬೆಳೆದ ಜೌಗು ನೀರಿನಲ್ಲಿ ದೋಣಿ, ಮಧ್ಯಾಹ್ನ ಕಬ್ಬಿನ ತೋಟದ ಧಣಿಗಳ ಹಳೇ ಪ್ಲಾಂಟೇಶನ್ ಬಂಗಲೆ. ಅವತ್ತೇ ಅಮಾವಾಸ್ಯೆ, ಪಕ್ಷದ ಕೊನೇ ದಿನ. ಅತ್ತೆ ನಮ್ಮ ಊಟದ ಡಬ್ಬಿಯ ಜೊತೆ ಎಡೆ ಡಬ್ಬಿಯನ್ನೂ ಕಟ್ಟಿಕೊಂಡೇ ಹೊರಟರು.

ದೋಣಿಯಲ್ಲಿ

ನೀರು ಕಪ್ಪಗೆ, ಅಲ್ಲಾಡದೆ ನಿಂತಿತ್ತು. ಮರಗಳಿಂದ ಬೂದುಬಣ್ಣದ ಪಾಚಿ ತಲೆ ಬಾಚದ ಅಜ್ಜಿಯ ಕೂದಲಿನ ಹಾಗೆ ಜೋತಾಡುತ್ತಿತ್ತು. ದೋಣಿಯವನು ಇಂಜಿನ್ ಆಫ್ ಮಾಡಿ, "ಶ್... ಕೈ ಒಳಗಿರಲಿ," ಅಂದ. ನಮ್ಮ ಪಕ್ಕದಲ್ಲೇ ಎರಡು ಕಣ್ಣು ಮೇಲೆದ್ದವು. ಮೊಸಳೆ! ನಾನು ಗಂಡನ ತೋಳು ಹಿಡಿದುಕೊಂಡೆ.

ಅತ್ತೆ ಮಾತ್ರ ಮರ ನೋಡುತ್ತಾ, "ಕಾವ್... ಕಾವ್..." ಅಂತ ಶುರುಮಾಡಿದರು.

"ಯಾರನ್ನ ಕರೀತಿದಾರೆ?" ಅಂದ ದೋಣಿಯವನು.

ನನ್ನ ಗಂಡ ನಾಚಿಕೊಂಡು, "ನಮ್ಮಪ್ಪನ್ನ," ಅಂದರು.

"ಅವರೆಲ್ಲಿ?"

"ಹೋದ ವರ್ಷ ತೀರಿಕೊಂಡರು."

ಅವನು ತಕ್ಷಣ ಇಂಜಿನ್ ಸ್ಟಾರ್ಟ್ ಮಾಡಿ, ದೋಣಿಯನ್ನು ಸೀದಾ ದಡಕ್ಕೆ ಓಡಿಸಿದ.

ಬಂಗಲೆಯಲ್ಲಿ

ಬಂಗಲೆಯ ಗೈಡಮ್ಮ ಕಿಟಕಿ ಪರದೆ ಎಳೆದು, ದನಿ ತಗ್ಗಿಸಿ, "ಈ ರೂಮಿನಲ್ಲಿ ಒಮ್ಮೊಮ್ಮೆ ಯಾರೋ ಉಸಿರಾಡುತ್ತಾರೆ," ಅಂದಳು. ಎಲ್ಲರೂ ಉಸಿರು ಬಿಗಿಹಿಡಿದೆವು. ಆಗಲೇ ಪರದೆ ಅಲುಗಾಡಿತು. ಹಿಂದಿನಿಂದ ಗೊಗ್ಗರು ದನಿ: "ಕಾವ್... ಬರ್ರೀ... ಕಾವ್..."

ಎಲ್ಲರೂ ಬಿದ್ದೆವೋ ಎದ್ದೆವೋ ಅಂತ ಓಡಿದೆವು. ಅಂಗಳ ಮುಟ್ಟಿದರೆ ಗೈಡಮ್ಮ ಆಗಲೇ ಅಲ್ಲಿದ್ದಳು. ಕೊನೆಗೆ, ಪರದೆ ಹಿಂದೆ ಕಿಟಕಿಯಿಂದ ಕಾಗೆ ಕರೆಯುತ್ತಿದ್ದ ಅತ್ತೆ ಡಬ್ಬಿ ಹಿಡಿದು ನಿಧಾನಕ್ಕೆ ಬಂದರು.

ಹಿತ್ತಲಿನಲ್ಲಿ

ಬಂಗಲೆಯ ಹಿತ್ತಲಲ್ಲಿ ಸಾಲಾಗಿ ಮರದ ಗುಡಿಸಲು. ಕಬ್ಬಿನ ಗದ್ದೆಯಲ್ಲಿ ದುಡಿಸಿಕೊಂಡ ಗುಲಾಮರು ಇದ್ದದ್ದು ಇಲ್ಲೇ, ಎಷ್ಟೋ ಜನರ ಹೆಸರೂ ಉಳಿದಿಲ್ಲ ಅಂತ ಗೈಡಮ್ಮ ಹೇಳಿದಳು.

ನನ್ನ ಗಂಡ ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ಅತ್ತೆ, "ಇವರಿಗೆ ಎಡಿ ಇಡೋರು ಯಾರೂ ಇಲ್ಲೇನು?" ಅಂದರು. "ಕಬ್ಬು ಬೆಳದವರಿಗೆ ಸಿಹಿ ಸಿಕ್ಕಿತ್ತೋ ಇಲ್ಲೋ."

ನಮ್ಮ ಊಟದ ಡಬ್ಬಿಯಿಂದ ಹೋಳಿಗೆ ತೆಗೆದು ಒಂದು ಗುಡಿಸಲಿನ ಹೊಸ್ತಿಲ ಹತ್ತಿರ ಇಟ್ಟರು. ಪಕ್ಕದಲ್ಲಿ ಮಾವನ ಸಪ್ಪೆ ಎಡೆ. ಎಲ್ಲಿತ್ತೋ ಏನೋ, ಸೂರಿನಿಂದ ಒಂದು ಕಾಗೆ ಇಳಿಯಿತು.

ಹೋಳಿಗೆಯನ್ನು ಚೂರೂ ಬಿಡದೆ ತಿಂದಿತು. ಮಾವನ ಎಡೆಗೆ ಬಂದು, ಕತ್ತು ಓರೆಮಾಡಿ ನೋಡಿ, ಹಿಂದೆ ಸರಿಯಿತು. ಅತ್ತೆಯನ್ನೇ ದುರುಗುಟ್ಟಿ ನೋಡುತ್ತಾ ನಿಂತಿತು. ಥೇಟ್ ಮಾವನೇ!

ಅತ್ತೆ ಅದರ ಮುಂದೆ ಕೂತುಬಿಟ್ಟರು. "ಸಾಯೋ ಹಿಂದಿನ ದಿವಸ ಹೋಳಿಗಿ ಕೇಳಿದ್ರು. ನಾ ಕೊಡಲಿಲ್ಲ," ಅಂದರು. ಡಬ್ಬಿಯಿಂದ ಇನ್ನೊಂದು ಹೋಳಿಗೆ ತೆಗೆದು, ತುಪ್ಪ ಸವರಿ, ಮಾವನ ಎಡೆ ಮೇಲಿಟ್ಟರು. ಕಾಗೆ ಹಾರಿ ಬಂದು ತಿಂದಿತು. ಅತ್ತೆ ಗಳಗಳನೆ ಅತ್ತುಬಿಟ್ಟರು, ನಾವೂ ಅತ್ತೆವು.

ತಿಂದು ಮುಗಿಸಿದ ಕಾಗೆ ಮೆಲ್ಲಗೆ ಡಬ್ಬಿಯ ಕಡೆಗೇ ಕುಪ್ಪಳಿಸಿತು. ಅತ್ತೆ ಕಣ್ಣೊರೆಸಿಕೊಂಡು ಪಟ್ಟನೆ ಮುಚ್ಚಳ ಹಾಕಿ ಗದರಿದರು:

"ಒಂದ ಸಾಕ್ರೀ! ಶುಗರ್ ಏರತದ!"